ಅತಿ ಸುಲಭ

ದರ್ಜಿಯ ಕೋಟೆ ಆ ದಿನ ಬೆಳಗ್ಗೆಯೂ ಬಿತ್ತು. ಕಂಪ್ಯೂಟರಿನ ಪರದೆಯಲ್ಲಿ ಪಕ್ಕದ ರಾಜ ಆನೆ ಕುದುರೆ ಸಮೇತ ನುಗ್ಗಿ ಬಂದು, ಕಣಜಕ್ಕೆ ಬೆಂಕಿಯಿಟ್ಟು, ಕಷ್ಟಪಟ್ಟು ಕಟ್ಟಿದ ಬುರುಜನ್ನು ಕೆಡವಿ ಹೋದ. ಹಳೇ ಕಾಲದ ರಾಜರ ಈ ಯುದ್ಧದಾಟವನ್ನು ಹಾಕಿಕೊಟ್ಟವನು ಭಾವಮೈದ. ಅಂದಿನಿಂದ ದರ್ಜಿ ಒಂದೇ ಒಂದು ಸಲ ಗೆದ್ದಿದ್ದರೆ ಕೇಳಿ.

"ಅಂಗಡೀಲಿ ಸೋತು ಬರ್ತೀರ, ಮನೇಲಿ ಕೂತ್ಕೊಂಡು ಸೋಲ್ತೀರ. ಎರಡರಲ್ಲಿ ಒಂದಾದ್ರೂ ಬಿಡಿ," ಎಂದಳು ಹೆಂಡತಿ ಅಡುಗೆಮನೆಯಿಂದ.

"ನಿನ್ನ ತಮ್ಮನಿಗೆ ಹೇಳು. ನನ್ನ ಬದುಕೇ ಕಷ್ಟ, ಅದ್ರಲ್ಲಿ ಕಷ್ಟದ ಆಟ ಬೇರೆ ತಂದು ಕೊಟ್ಟಿದ್ದಾನೆ."

"ಹೌದೌದು, ನಿಮ್ಮ ಕಷ್ಟ ಊರಿಗೇ ಗೊತ್ತು. ಅಳತೆ ತಗೊಳ್ಳೋವಾಗ ಟೇಪಿಗಿಂತ ನಿಮ್ಮ ಗೋಳೇ ಉದ್ದ ಅಂತೆ."

ದರ್ಜಿ ಭಾವಮೈದನಿಗೇ ಫೋನ್ ಮಾಡಿದ. ಅವನು ನಕ್ಕುಬಿಟ್ಟ.

"ಭಾವ, ಆಟದ ಮಟ್ಟ ಬದಲಾಯಿಸ್ಕೊಳ್ಳಿ. ಐದು ಸಾಲು ಇರುತ್ತೆ. ತೀರಾ ಮೇಲಿರೋದು ಅತಿ ಸುಲಭ, ತೀರಾ ಕೆಳಗಿರೋದು ಅತಿ ಕಠಿಣ. ಮೇಲಿಂದು ಒತ್ತಿ, ಅಷ್ಟೇ. ಚಿಕ್ಕ ಮಕ್ಕಳೂ ಗೆಲ್ತಾರೆ."

ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು. ಪರದೆಯ ಮೇಲಿನ ಸಾಲುಗಳು ಇರುವೆ ಸಾಲಿನಂತೆ ಕಂಡವು. ಓದುವ ಗೋಜಿಗೆ ಹೋಗದೆ ದರ್ಜಿ ತೀರಾ ಮೇಲಿನದನ್ನು ಒತ್ತಿದ. ಪರದೆಯಲ್ಲಿ ಪಕ್ಕದ ರಾಜ್ಯದ ದೂತನೊಬ್ಬ ಬಂದು ತಲೆ ಬಾಗಿಸಿ, "ನಿಮ್ಮ ಇಷ್ಟದಂತೆಯೇ ಆಗಲಿ," ಎಂದ. ಬೀದಿಯಲ್ಲಿ ಬೊಗಳುತ್ತಿದ್ದ ನಾಯಿ ಅರ್ಧಕ್ಕೇ ನಿಲ್ಲಿಸಿತು.

ಅಂಗಡಿಯಲ್ಲಿ ಅವನು ಕನ್ನಡಕ ಹಾಕಿಕೊಂಡು ಸೂಜಿ ಎತ್ತಿಕೊಂಡರೆ ದಾರ ಆಗಲೇ ಪೋಣಿಸಿಯಾಗಿತ್ತು. ತಾನು ಪೋಣಿಸಿದ ನೆನಪಿರಲಿಲ್ಲ. ಹೋಗಲಿ, ಒಳ್ಳೇದೇ ಆಯಿತೆಂದುಕೊಂಡ.

ಅಷ್ಟರಲ್ಲಿ ಮೇಷ್ಟ್ರು ಪ್ಯಾಂಟಿಗೆಂದು ಬಂದರು. ಅವರ ಪ್ಯಾಂಟಿನ ಒಂದು ಕಾಲು ಗಿಡ್ಡವಾಗಿಹೋಗಿತ್ತು. ಮೇಷ್ಟ್ರು ಎಂದರೆ ಒಂದು ಗುಂಡಿ ಓರೆಯಾದರೂ ಬೀದಿಯನ್ನೇ ಸೇರಿಸುವ ಆಸಾಮಿ. ದರ್ಜಿ ನೂರೆಂಟು ಸುಳ್ಳು ಸಿದ್ಧಮಾಡಿಕೊಂಡು ಬಾಯಿ ತೆರೆದ.

"ಮೇಷ್ಟ್ರೇ, ಈ ಬಟ್ಟೆ ಒಗೆದ ಮೇಲೆ ಸ್ವಲ್ಪ..."

"ನಿಮ್ಮ ಇಷ್ಟದಂತೆಯೇ ಆಗಲಿ," ಎಂದರು ಮೇಷ್ಟ್ರು. ಅಲ್ಲೇ ತೊಟ್ಟುಕೊಂಡರು. ಒಂದು ಕಣಕಾಲು ತೋರಿಸಿಕೊಂಡು, ನಗುನಗುತ್ತಾ ಶಾಲೆಯ ಕಡೆ ನಡೆದರು.

ದರ್ಜಿಗೆ ಖುಷಿಯಾಗಬೇಕಿತ್ತು. ಆದರೆ ಅವನು ಬಾಗಿಲ ತನಕ ಹೋಗಿ ಆ ಗಿಡ್ಡ ಕಾಲನ್ನೇ ನೋಡುತ್ತಾ ನಿಂತ.

ಹೊರಗೆ ಗರಗಸದ ಸದ್ದು. ಪಕ್ಕದ ಫೋಟೋ ಸ್ಟುಡಿಯೋದವನ ಬೋರ್ಡು ದರ್ಜಿಯ ಬೋರ್ಡನ್ನು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದಕ್ಕಾಗಿ ಇಬ್ಬರೂ ಹಾವು ಮುಂಗುಸಿಯಾಗಿದ್ದರು. ಈಗ ನೋಡಿದರೆ ಸ್ಟುಡಿಯೋದವನೇ ಏಣಿ ಹತ್ತಿ ತನ್ನ ಬೋರ್ಡನ್ನು ಕೊಯ್ಯುತ್ತಿದ್ದಾನೆ!

"ಅಯ್ಯೋ, ಯಾಕೆ ಮಾರಾಯ? ಇಳಿ ಕೆಳಗೆ!"

"ನಿಮ್ಮ ಇಷ್ಟದಂತೆಯೇ ಆಗಲಿ." ಅರ್ಧ ಕೊಯ್ದ ಬೋರ್ಡು ನೇತಾಡುತ್ತಿರುವಂತೆಯೇ ಅವನು ಇಳಿದು ನಿಂತ. ಅವನ ಮುಖದಲ್ಲೂ ಮೇಷ್ಟ್ರ ಅದೇ ನಗು. ಎದುರಿನ ಇಸ್ತ್ರಿಯವನು, ಹಾಲಿನವಳು, ದಾರಿಹೋಕರು ಎಲ್ಲರೂ ದರ್ಜಿಯ ಕಡೆಗೇ ತಿರುಗಿ ನಿಂತಿದ್ದರು. ಕ್ಯಾಮೆರಾ ಕ್ಲಿಕ್ ಆಗುವುದನ್ನೇ ಕಾಯುವವರ ಹಾಗೆ ನಗು ತುಟಿಯ ಮೇಲೇ ನಿಂತಿತ್ತು. ಒಬ್ಬರೂ ರೆಪ್ಪೆ ಬಡಿಯಲಿಲ್ಲ.

ದರ್ಜಿ ಅಂಗಡಿಯ ಬಾಗಿಲನ್ನೂ ಎಳೆಯದೆ, ಬಿದ್ದೆನೋ ಕೆಟ್ಟೆನೋ ಎಂದು ಮನೆಗೆ ಓಡಿದ.

ಹೆಂಡತಿ ಊಟಕ್ಕೆ ಬಡಿಸಿ ಕಾಯುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದಕ್ಕೆ ಒಂದು ಮಾತಿಲ್ಲ. ಚಪ್ಪಲಿ ಒಳಗೇ ಮೆಟ್ಟಿಕೊಂಡು ಬಂದರೂ ಬೈಗುಳವಿಲ್ಲ.

"ಸಾರಿಗೆ ಉಪ್ಪೇ ಇಲ್ಲ," ಎಂದು ಬೇಕೆಂತಲೇ ಕೆಣಕಿದ.

"ನಿಮ್ಮ ಇಷ್ಟದಂತೆಯೇ ಆಗಲಿ."

"ನಿನ್ನ ತಮ್ಮ ಶುದ್ಧ ದಂಡಪಿಂಡ ಕಣೇ!"

"ನಿಮ್ಮ ಇಷ್ಟದಂತೆಯೇ ಆಗಲಿ."

ಅವಳ ಕಣ್ಣಿನಲ್ಲಿ ತನ್ನ ಗುರುತೇ ಇಲ್ಲದಿರುವುದನ್ನು ಕಂಡು ದರ್ಜಿಗೆ ಅಳು ಬಂತು. ತಮ್ಮನ ಹೆಸರೆತ್ತಿದರೆ ಸೌಟು ಹಿಡಿದು ಬರುತ್ತಿದ್ದವಳು. ಇಷ್ಟು ವರ್ಷ ತಾನು ಯಾರಿಂದ ಬೈಸಿಕೊಂಡು ಬದುಕಿದ್ದನೋ ಆ ಹೆಂಗಸು ಎಲ್ಲಿ ಹೋದಳು? ಅವಳಿಲ್ಲದ ಮನೆಯಲ್ಲಿ ತಾನು ಯಾರಿಗಾಗಿ ಗೆಲ್ಲಬೇಕು?

ಅವನು ಕಂಪ್ಯೂಟರಿನ ಮುಂದೆ ಕುಸಿದು ಕೂತ. ಹೊಸ ಹೊಲಿಗೆ ಕೆಟ್ಟರೆ ಹಳೇ ಅಳತೆಗೇ ಹೊಲಿಯುವುದು ದರ್ಜಿಯ ಕಸುಬಿನ ಕ್ರಮ. ಈಗ ಮೂಗಿನ ಮೇಲೆ ಕನ್ನಡಕವೂ ಇತ್ತು. 'ಹಿಂದಿನ ಮಟ್ಟಕ್ಕೆ ಮರಳಿ' ಎಂಬುದನ್ನು ಹುಡುಕಿ, ಕಣ್ಣು ಮುಚ್ಚಿ ಒತ್ತಿದ.

ಬೀದಿಯ ನಾಯಿ ಬೆಳಗ್ಗೆ ಅರ್ಧಕ್ಕೆ ಬಿಟ್ಟ ಬೊಗಳಾಟವನ್ನು ಮುಂದುವರಿಸಿತು.

"ಥೂ, ಚಪ್ಪಲಿ ಹಾಕ್ಕೊಂಡು ಒಳಗೆ ಬಂದಿದ್ದೀರಾ? ಯಾರಪ್ಪ ಒರೆಸ್ತಾನೆ ಇದನ್ನ?" ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅಂಗಡಿ ಬಿಟ್ಟು ಬಂದು ಆಟ ಬೇರೆ! ಆಗ ನನ್ನ ತಮ್ಮನಿಗೆ ಏನೋ ಅಂದ್ರಲ್ಲ, ಇನ್ನೊಂದ್ಸಲ ಅನ್ನಿ ನೋಡೋಣ!"

ದರ್ಜಿಯ ಕಣ್ಣಲ್ಲಿ ನೀರು ಧಾರಾಕಾರ. "ಬೈಯೇ, ಇನ್ನೂ ಬೈ! ನೀನು ಬೈದ್ರೇನೇ ನನಗೆ ಜೀವ."

"ಏನಾಯ್ತು ನಿಮಗೆ?" ಎನ್ನುತ್ತಾ ಅವಳು ಬಗ್ಗಿ ಪರದೆ ನೋಡಿದಳು. ಗಟ್ಟಿಯಾಗಿ ಓದಿದಳು: "'ನಿಮ್ಮ ಈಗಿನ ಮಟ್ಟ: ಸುಲಭ.'"

ದರ್ಜಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹೌದು, ಸುಲಭ. ಮೇಲಿನಿಂದ ಎರಡನೆಯ ಸಾಲು. ಬಿದ್ದ ಕೋಟೆಗಳು, ಮುಚ್ಚಿದ ಬೋರ್ಡು, ಮೇಷ್ಟ್ರ ಜಗಳ, ಇಷ್ಟು ವರ್ಷ ಪಟ್ಟ ಪಾಡೆಲ್ಲ ಅದೇ ಮಟ್ಟದ್ದು. ಅದರ ಕೆಳಗೆ ಇನ್ನೂ ಮೂರು ಸಾಲುಗಳಿದ್ದವು.

"ಹೋ! ಸುಲಭ ಅಂತ ಬರೆದಿದೆ," ಹೆಂಡತಿಯ ದನಿ ಏರಿತು. "ಮತ್ತೆ ಕಷ್ಟ ಕಷ್ಟ ಅಂತ ಕಂಡೋರ ಮುಂದೆಲ್ಲ ನನ್ನ ಮಾನ ಕಳೀತಿದ್ರಲ್ಲ? ಕಷ್ಟ ಅಂದ್ರೆ ಏನು ಅಂತ ಒಂದ್ಸಲ ನೋಡೇ ಬಿಡಿ!"

"ಬೇಡ ಕಣೇ, ನಿನ್ನ ದಮ್ಮಯ್ಯ ಅಂತೀನಿ..."

ಅವನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವಳು ತೀರಾ ಕೆಳಗಿನ ಸಾಲನ್ನು ಒತ್ತಿ ಆಗಿತ್ತು.

ಬೊಗಳುತ್ತಿದ್ದ ನಾಯಿ ಕುಂಯ್ ಎಂದು ಕೂಗಿ ಓಟ ಕಿತ್ತಿತು. ಆಮೇಲೆ ಯಾರೋ ಬಾಗಿಲು ಬಡಿದರು. ಬಡಿತ ಕೇಳಿದರೆ ಒಬ್ಬಿಬ್ಬರು ಬಂದಂತಿರಲಿಲ್ಲ.

"ಯಾರು ನೋಡ್ರೀ," ಎಂದಳು ಹೆಂಡತಿ. ಕಿಟಕಿಯಾಚೆ ಕುದುರೆಯೊಂದು ಕೆನೆಯಿತು.