ಫ್ರಿಜ್ಜಿನ ಮೇಲಿನ ಪಟ್ಟಿ

ಯಾವ ನೋವಿಗೆ ಯಾವ ಬಾಗಿಲು ಎಂಬ ವಿದ್ಯೆಯಲ್ಲಿ ಇಡೀ ಓಹಾಯೋ ರಾಜ್ಯದಲ್ಲೇ ತನ್ನನ್ನು ಮೀರಿಸುವವರಿಲ್ಲ ಎಂದು ಲೋರ್ನಾ ನಂಬಿದ್ದಳು. ಸಾಕ್ಷಿಗೆ ಫ್ರಿಜ್ಜಿನ ಮೇಲೆ ಅವಳೇ ಬರೆದು ಅಂಟಿಸಿದ ಪಟ್ಟಿಯಿತ್ತು. ಗಂಡ ಮರ್ಲ್‌ನ ಕೆಮ್ಮಿಗೆ ಫ್ಯಾಮಿಲಿ ಡಾಕ್ಟರು. ಮಗಳು ಟೆಸ್ಸಾ ಬಿದ್ದು ಮೊಣಕಾಲು ಸೀಳಿಕೊಂಡರೆ ನೇರ ಅರ್ಜೆಂಟ್ ಕೇರ್ ಎಂಬ ತುರ್ತು ಚಿಕಿತ್ಸಾಲಯ. ನಾಯಿ ಪಿಕಲ್‌ನ ಕಿವಿಗೆ ಪಶುವೈದ್ಯರು.

"ಕಣ್ಣು ಕಟ್ಟಿ ಬಿಟ್ಟರೂ ಸರಿಯಾದ ಬಾಗಿಲನ್ನೇ ತಟ್ಟುತ್ತೇನೆ!" ಎಂದು ಪಕ್ಕದ ಮನೆಯವಳ ಮುಂದೆ ಕೊಚ್ಚಿಕೊಂಡ ಮರುದಿನವೇ, ಮೆಟ್ಟಿಲ ಮೇಲಿನ ಹಿಮ ಎತ್ತಿಹಾಕುತ್ತಾ ಜಾರಿ ಬಿದ್ದಳು. ಬಲ ಮಣಿಕಟ್ಟು ಬನ್ನಿನ ಹಾಗೆ ಊದಿತು.

ಮರ್ಲ್ ಪಟ್ಟಿಯ ಮುಂದೆ ನಿಂತು ತಲೆ ಕೆರೆದುಕೊಂಡ. "ನಿನ್ನ ಹೆಸರೇ ಇಲ್ವಲ್ಲೇ ಇದರಲ್ಲಿ!"

"ಬರೆದೋಳು ನಾನು ಕಣೋ! ಬರೆಯೋಳಿಗೆ ಕಾಯಿಲೆ ಬೀಳೋಕೆ ಪುರುಸೊತ್ತೆಲ್ಲಿ?"

"ಸುಮ್ನೆ ಕೂತ್ಕೋ, ನಾನು ನೋಡ್ಕೋತೀನಿ." ಮಹಾಶಯ ಫ್ಯಾಮಿಲಿ ಡಾಕ್ಟರಿಗೆ ಫೋನ್ ಹಚ್ಚಿದ. ಆ ಕಡೆಯ ಹುಡುಗಿ ಹೆಂಡತಿಯ ಹುಟ್ಟಿದ ದಿನ ಕೇಳಿದಳು. ಮರ್ಲ್ ಕಿಟಕಿಯಾಚೆ ನೋಡಿದ. "ಚಳಿಗಾಲ... ಅಂತ ನೆನಪು."

ಹದಿನೆಂಟು ವರ್ಷದ ಸಂಸಾರ! ಲೋರ್ನಾ ಎಡಗೈಯಲ್ಲಿ ಫೋನ್ ಕಿತ್ತುಕೊಂಡಳು.

"ಮೇಡಂ, ನೀವು ತೋರಿಸ್ಕೊಂಡು ಮೂರು ವರ್ಷ ದಾಟಿದೆ. ಹೊಸ ರೋಗಿ ಅಂತಲೇ ಲೆಕ್ಕ. ಮೇ ಹದಿನಾಲ್ಕಕ್ಕೆ ಬನ್ನಿ."

"ಈಗಿನ್ನೂ ಜನವರಿ! ಹೋದ ತಿಂಗಳು ಎರಡು ಸಲ ಬಂದಿದ್ದೆನಲ್ಲ!"

"ಒಂದ್ಸಲ ಮಗಳ ಜೊತೆ, ಒಂದ್ಸಲ ಯಜಮಾನರ ಜೊತೆ. ನೀವು ಕುರ್ಚಿ ಮೇಲೆ ಕೂತಿದ್ರಿ ಮೇಡಂ, ಪರೀಕ್ಷೆ ಮಂಚದ ಮೇಲಲ್ಲ."

ಕೊನೆಗೆ ಅರ್ಜೆಂಟ್ ಕೇರೇ ಗತಿ. ಎರಡು ಗಂಟೆ ಕಾಯಿಸಿ, ಎಕ್ಸ್‌ರೇ ತೆಗೆದು, ಮೂಳೆ ಬಿರುಕು ಬಿಟ್ಟಿದೆ ಎಂದು ಕೈಗೆ ಬ್ಯಾಂಡೇಜ್ ಬಿಗಿದರು. ಹೊರಡುವಾಗ ನರ್ಸ್ ನಗುನಗುತ್ತಾ ಹೇಳಿದಳು: "ವಾರದೊಳಗೆ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ ಈ ಎಕ್ಸ್‌ರೇ ತೋರಿಸಿ."

"ಮೇ ಹದಿನಾಲ್ಕಕ್ಕೆ ತೋರಿಸ್ತೀನಿ! ಅಷ್ಟರಲ್ಲಿ ಈ ಮೂಳೆ ತಾನಾಗೇ ಕೂಡ್ಕೊಂಡು, ಮದುವೆಯಾಗಿ, ಎರಡು ಮಕ್ಕಳನ್ನೂ ಹೆತ್ತಿರುತ್ತೆ!"

ಮನೆಗೆ ಬಂದ ಮರ್ಲ್ ಪಶ್ಚಾತ್ತಾಪದಿಂದ ಪೆನ್ನು ಹಿಡಿದು ಪಟ್ಟಿಯಲ್ಲಿ ಹೆಂಡತಿಯ ಹೆಸರು ಸೇರಿಸಿದ. "ನೋಡು, ಬರೆದೆ!"

ಲೋರ್ನಾ ನೋಡಿದಳು. "ನಾಯಿಗಿಂತ ಕೆಳಗಾ?"

"ಪಿಕಲ್‌ಗೆ ಗುರುವಾರ ಅಪಾಯಿಂಟ್‌ಮೆಂಟ್ ಇದೆ ಕಣೇ, ನೀನೇ ಮಾಡಿಸಿದ್ದು. ನಿನ್ನದು ಮೇ ತಿಂಗಳಿಗಲ್ವಾ!"

ಲೋರ್ನಾ ಎಡಗೈಯಲ್ಲಿದ್ದ ಎಕ್ಸ್‌ರೇ ನೋಡಿದಳು, ಪಟ್ಟಿಯಲ್ಲಿ ನಾಯಿಯ ಸಾಲು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಪಶುವೈದ್ಯರು ಎಕ್ಸ್‌ರೇ ನೋಡ್ತಾರಾ?"