ಖಾಲಿಯಾಗದ ಕೆರೆ

ಹಣಮೇಶ ಮಾಸ್ತರನ ಪಾಠಕ್ಕೆ ಬೇಕಾಗಿದ್ದುದು ಅಗಲ ತಟ್ಟೆಯಂಥ ಒಂದು ದೊಡ್ಡ ಪರಾತ, ಒಂದು ಲೋಟ ಹುರಿದ ಶೇಂಗಾ ಮತ್ತು ಮಕ್ಕಳ ದುರಾಸೆ. ಮೊದಲೆರಡು ಸುಲಭವಾಗಿ ಸಿಕ್ಕವು.

ತಿಂಥಣಿ ಸಮೀಪದ ಆ ಹೊಳೆದಂಡೆಯ ಶಾಲೆಗೆ ಅಂದು ಅನುರಾಧಾ ಮೇಡಂ ತಪಾಸಣೆಗೆ ಬರುವವರಿದ್ದರು. ಮಿತಿಮೀರಿ ಮೀನು ಹಿಡಿದರೆ ಎಲ್ಲರ ಕೆರೆ ಹೇಗೆ ಬರಿದಾಗುತ್ತದೆ ಎಂದು ತೋರಿಸಿ ಅವರಿಂದ ಭೇಷ್ ಅನ್ನಿಸಿಕೊಳ್ಳಲು ಹಣಮೇಶ ವಾರದಿಂದ ತಯಾರಾಗಿದ್ದ.

"ಪರಾತ ಅಂದ್ರ ಕೆರಿ, ಶೇಂಗಾ ಅಂದ್ರ ಮೀನಾ," ಎಂದ. "ಹಿಡಿದದ್ದು ತಿನ್ನಬಹುದು. ಉಳಿದದ್ದು ಮರಿ ಹಾಕಿ ಸುತ್ತಿಗೊಮ್ಮೆ ಎರಡರಷ್ಟು ಆಗ್ತದ. ಕೆರಿ ಖಾಲಿ ಆಗೋತನಕ ಆಟ ನಿಲ್ಲಂಗಿಲ್ಲ!"

ಮೊದಲ ಸುತ್ತಿಗೇ ಮಕ್ಕಳು ಮುಗಿಬೀಳುತ್ತಾರೆ, ತಾನು ಖಾಲಿ ಪರಾತ ಎತ್ತಿ ಹಿಡಿದು ಭಾಷಣ ಬಿಗಿಯುವುದು ಎಂದು ಅವನ ಎಣಿಕೆ. ಒಂದು ಕೈಯೂ ಮುಂದೆ ಬರಲಿಲ್ಲ.

"ಯಾಕ್ರಲೇ?"

ಮುಂದೆ ಕೂತಿದ್ದ ಸಂಘಮಿತ್ರಾ ಎದ್ದು ನಿಂತಳು. "ತಡೀರಿ ಸರ್, ಬೆಳೀಲಿ. ಸಣ್ಣ ಮೀನಾ ಬಲ್ಯಾಗ ಬಿದ್ರ ನಮ್ಮೂರಾಗ ತಿರುಗಿ ಹೊಳಿಗೇ ಬಿಡ್ತಾರ್ರಿ."

ಹಣಮೇಶ ಚೀಲದಲ್ಲಿದ್ದ ಇನ್ನೊಂದು ಲೋಟ ಸುರಿದ. ಮಕ್ಕಳು ಕೈಕಟ್ಟಿ ಕೂತೇ ಇದ್ದರು. ಮತ್ತೆರಡು ಲೋಟ ಬೇಕು! ಬಿಸಿಯೂಟದ ಅಡುಗೆಮನೆಗೆ ಓಡಿದ.

"ಚಟ್ನಿಗೆ ಇಟ್ಟದ್ರೀ ಅದು! ಕೈ ಹಚ್ಚಬ್ಯಾಡ್ರಿ!" ಅಡುಗೆಯ ಮಲ್ಲಿಕಮ್ಮ ಸೌಟು ಹಿಡಿದು ಬೆನ್ನಟ್ಟಿದಳು. ಹಣಮೇಶ ಡಬ್ಬಿ ಬಿಡಲಿಲ್ಲ. ಕೆರೆ ನಾಲ್ಕು ಲೋಟವಾಯಿತು. ಕ್ಲಾಸಿಗೆ ಕ್ಲಾಸೇ ಸಿಕ್ಸರ್ ಕಂಡಂತೆ ಕೇಕೆ ಹಾಕಿತು.

ಮುಂದಿನ ಬೇಟೆ, ಹೆಡ್ ಮಾಸ್ತರ ಭಗವಂತರಾಯರು ಮನೆಗೆಂದು ಕೊಂಡಿಟ್ಟ ಶೇಂಗಾ ಪೊಟ್ಟಣ.

"ಏ ಹಣಮೇಶ! ನಮ್ಮ ಮನ್ಯಾಕಿ ಶೇಂಗಾ ಹೋಳಿಗಿ ಮಾಡಾಕ ಹೇಳಿ ಕಳಿಸ್ಯಾಳೋ!"

"ಮೀನಾ ಮರಿ ಹಾಕ್ಯಾವ್ರಿ ಸರ್!" ಎಂದವನೇ ಓಡಿದ. ಎಂಟು ಲೋಟ.

ಮರುಸುತ್ತಿಗೆ ಖಾಜಾಹುಸೇನನ ಕಿರಾಣಿ ಅಂಗಡಿ ಬರಿದಾಯಿತು. "ಇದ್ದದ್ದು ಇಷ್ಟಽ ನೋಡ್ರಿ. ಮನ್ಯಾಗ ಶಾದಿ ಐತೇನ್ರಿ ಮಾಸ್ತರ?"

ಹದಿನಾರು! ಪರಾತ ತುಂಬಿ ಶೇಂಗಾ ನೆಲಕ್ಕೆ ಉರುಳಿದವು. ಕಿಟಕಿ ತುಂಬ ಬೇರೆ ಕ್ಲಾಸಿನ ಮುಖಗಳು. ಮಕ್ಕಳ ಬಾಯಲ್ಲಿ ನೀರೂರುತ್ತಿತ್ತು, ಕೈ ಮಾತ್ರ ಬೀಗ ಹಾಕಿದಂತಿತ್ತು. ಹಣಮೇಶನ ತಾಳ್ಮೆ ಕಿತ್ತುಹೋಯಿತು.

"ಹಿಡೀರಲೇ! ಬಳೀರಿ! ಒಂದು ಮರಿ ಸೈತ ಉಳೀಬಾರದು! ಕೆರಿ ಹಾಳಾಗಿ ಹೋಗ್ಲಿ!"

ಕಿಟಕಿಯ ಮುಖಗಳು ಹಠಾತ್ತನೆ ಮಾಯವಾದವು. ಬಾಗಿಲಲ್ಲಿ ಅನುರಾಧಾ ಮೇಡಂ ನಿಂತಿದ್ದರು.

ಸಂಘಮಿತ್ರಾ ಹೇಳಿದಳು: "ಸರ್ ನಮಗ ಆಸಿ ಹಚ್ಚಿ ನೋಡಾಕತ್ತಾರ್ರಿ ಮೇಡಂ. ನಾವು ಬೀಳಂಗಿಲ್ರಿ."

"ಶಾಭಾಶ್!" ಮೇಡಂ ಚಪ್ಪಾಳೆ ತಟ್ಟಿದರು. "ಇಂಥಾ ಪಾಠ ನಾ ಎಲ್ಲೂ ನೋಡಿಲ್ಲ ಬಿಡ್ರಿ!"

ಹಣಮೇಶನ ಎದೆ ಪೂರಿಯಂತೆ ಉಬ್ಬಿತು. ಅಷ್ಟರಲ್ಲಿ ಮೇಡಂ ಸೆರಗು ಸಿಕ್ಕಿಸಿ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ನನ್ನೂ ಸೇರಿಸ್ಕೊಳ್ರಿ ಮಾಸ್ತರ. ಮುಂದಿನ ಸುತ್ತು ನಡೀಲಿ. ನಾನೂ ಕೈ ಹಚ್ಚಂಗಿಲ್ಲ!"

ಖಾಲಿ ಚೀಲ ಹಿಡಿದು ಓಡಿಬರುತ್ತಿದ್ದ ಮಾಸ್ತರನನ್ನು ದೂರದಿಂದಲೇ ಕಂಡ ಖಾಜಾಹುಸೇನ ಅಂಗಡಿಯ ಶಟರ್ ಎಳೆದುಬಿಟ್ಟ.