ಮೇಡಮ್ಮಿಗೊಂದು ಆಸನ

ಗಿರಿಯ ತಾಪತ್ರಯ ಶುರುವಾದದ್ದು ಒಂದು ಪ್ಲಾಸ್ಟಿಕ್ ಕುರ್ಚಿಯಿಂದ.

ಮಂಡಿ ಆಪರೇಷನ್ ಮಾಡಿಸಿಕೊಂಡ ಅವನ ಅಮ್ಮ ಮುತ್ತಮ್ಮ ಗೋಣಿಕೊಪ್ಪಲಿನ ಮಗಳ ಮನೆಯಲ್ಲಿದ್ದರು. ಹಿತ್ತಲ ಇಳಿಜಾರಿನಲ್ಲಿದ್ದ ಪಾಯಿಖಾನೆಗೆ ಹದಿನಾಲ್ಕು ಮೆಟ್ಟಿಲು ಇಳಿಯುವುದು ಇನ್ನು ಅವರಿಂದಾಗದು. "ಮನೆಗೆ ಅಂಟಿಸಿ ಒಂದು ಕಟ್ಸು, ಆಮೇಲೆ ಬರ್ತೇನೆ" ಎಂದು ಹಟ ಹಿಡಿದಿದ್ದರು. ಆದರೆ ಮನೆಯಿದ್ದದ್ದು ಮಡಿಕೇರಿ ಕೋಟೆಯ ಮಗ್ಗುಲಲ್ಲಿ. ಅಲ್ಲಿ ಗುಂಡಿ ತೋಡಬೇಕಾದರೆ ಪುರಾತತ್ವದವರು ಎದುರಿಗೇ ಕೂತು ನೋಡಬೇಕು. ಹಳೆಯದೇನೂ ಸಿಗದಿದ್ದರೆ ಸಂಜೆ ಅನುಮತಿ ಪತ್ರಕ್ಕೆ ಸಹಿ. ಸಿಕ್ಕಿತೋ, ಕೆಲಸ ಬಂದ್.

ಆರು ತಿಂಗಳು ಅಲೆದ ಮೇಲೆ ಇವತ್ತು ಆ ಇಲಾಖೆಯ ಪವಿತ್ರಾ ಮೇಡಂ ಬಂದಿದ್ದರು. ಗುಂಡಿ ತೋಡುವ ಅಶೋಕ ಮೊದಲೇ ಹೇಳಿಬಿಟ್ಟಿದ್ದ. "ಇವತ್ತೊಂದೇ ದಿನ ಅಣ್ಣಾ. ನಾಳೆಯಿಂದ ನಂಗೆ ಕಕ್ಕಬೆ ಎಸ್ಟೇಟಲ್ಲಿ ಕಾಫಿ ಪಿಕಿಂಗು."

ಮೇಡಂ ಕೂರುತ್ತಲೇ ಕುರ್ಚಿಯ ಕಾಲು ಹಸಿಮಣ್ಣಿನಲ್ಲಿ ಹೂತು ಲಟಕ್ಕೆಂದು ಮುರಿಯಿತು. ಸಹಿ ಹಾಕುವ ಕೈಗೇ ಪೆಟ್ಟಾದರೆ ಗತಿಯೇನು? ಗಿರಿ ಬಟ್ಟೆ ಒಗೆಯುವ ಕಲ್ಲಿನತ್ತ ನೋಡಿದ. ಮನೆಮಂದಿಯ ಬಟ್ಟೆಯೆಲ್ಲ ಕುಕ್ಕಿದ ಮೇಲ್ಮೈಯಲ್ಲಿ ಅಧಿಕಾರಿಯನ್ನು ಕೂರಿಸುವುದು ಮರ್ಯಾದೆಯಲ್ಲ. ಅಶೋಕನ ಹಾರೆಯಿಂದ ಕಲ್ಲನ್ನು ಮಗುಚಿ, ಮಣ್ಣು ಮೆತ್ತಿದ ಅಡಿಮೈಗೆ ಗೋಣಿಚೀಲ ಹಾಸಿ, "ಕೂತ್ಕೊಳ್ಳಿ ಮೇಡಂ" ಎಂದ.

ಅಶೋಕ ಒಂದು ಗೇಣು ತೋಡುವುದು, ಮೇಡಂ ಬ್ರಷ್ಷಿನಿಂದ ಗುಡಿಸಿ ಫೋಟೋ ತೆಗೆಯುವುದು. ಹೀಗೇ ಸಾಗುತ್ತಿರಲು, ಮಧ್ಯಾಹ್ನ ಹಾರೆ ಠಣ್ ಎಂದಿತು. ಬೇಲಿಯಾಚೆ ಪಕ್ಕದ ಮನೆಯ ನಾಗಾರ್ಜುನನ ತಲೆ ಎದ್ದಿತು.

"ನಿಧಿ ಮಾರಾಯಾ, ನಿಧಿ!"

ಅವನ ಹೆಂಡತಿ ಯಮುನಕ್ಕ ಬೇಲಿ ನುಸುಳಿಯೇ ಬಂದಳು. ನುಣ್ಣನೆಯ ಕರಿಕಲ್ಲು ಕಂಡದ್ದೇ ತಡ, ಕುಂಕುಮವಿಟ್ಟು ಊದಿನಕಡ್ಡಿ ಹಚ್ಚಿದಳು. "ಉದ್ಭವಮೂರ್ತಿ ಕಣೋ ಗಿರಿ! ಇಲ್ಲಿ ಪಾಯಿಖಾನೆ ಕಟ್ಟಿದ್ರೆ ವಂಶ ಉಳಿಯಲ್ಲ."

ಮೇಡಂ ಒಂದು ಗಂಟೆ ಅಳತೆ ಹಿಡಿದರು. ದಿಕ್ಕು ತೋಚದೆ ಗಿರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ.

"ಥೂ, ಅದು ನನ್ನ ಒರಳಿನ ಗುಂಡು! ಮಿಕ್ಸಿ ಬಂದ ವರ್ಷ ನೀನೇ ಎಸೆದಿದ್ದೆ. ಅದಕ್ಕೆ ಕುಂಕುಮ ಇಟ್ಟ ಪುಣ್ಯಾತ್ಮರು ಯಾರು?"

ಯಮುನಕ್ಕ ಊದಿನಕಡ್ಡಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಐದು ಗಂಟೆಗೆ ಗುಂಡಿ ಮುಗಿಯಿತು. "ಗೆದ್ರಿ ಗಿರಿಯವ್ರೇ, ಹಳೇದೇನೂ ಇಲ್ಲ" ಎಂದರು ಮೇಡಂ. "ಕೈಯೆಲ್ಲ ಕೆಸರು. ಸ್ವಲ್ಪ ನೀರು ಕೊಡಿ, ಸಹಿ ಹಾಕ್ತೇನೆ."

ಗಿರಿಗೆ ಕುಣಿಯುವಷ್ಟು ಖುಷಿ. ಚೊಂಬು ಸಾಲದೆಂದು ಬಕೆಟ್ಟನ್ನೇ ತಂದ. ಗೋಣಿಚೀಲ ಸರಿಸಿ, ಕಲ್ಲಿನ ಮೇಲೆ ಒಡ್ಡಿದ ಕೈಗೆ ಧಾರಾಳವಾಗಿ ಸುರಿದ. ಮಣ್ಣು ಕರಗಿ ಹರಿಯಿತು. ಮೇಡಂ ಕೈ ಉಜ್ಜುವುದನ್ನು ನಿಲ್ಲಿಸಿದರು.

ಕಲ್ಲಿನಲ್ಲಿ ಕತ್ತಿ ಹಿಡಿದ ವೀರನೊಬ್ಬ ನಿಂತಿದ್ದ. ಅವನ ಕಾಲಡಿ ಮೂರು ಸಾಲು ಹಳಗನ್ನಡ.

"ಬೆಳಿಗ್ಗೆಯಿಂದ ನಾನು ಇವನ ಮೇಲೇ..." ಮೇಡಂ ಪೆನ್ನನ್ನು ಮತ್ತೆ ಚೀಲಕ್ಕೆ ಹಾಕಿದರು. "ಮೇಲಿನವರು ಬಂದು ನೋಡೋ ತನಕ ಕೆಲಸ ನಿಲ್ಲಿಸ್ಬೇಕು. ಕ್ಷಮಿಸಿ."

ಅಶೋಕ ಹಾರೆಯನ್ನು ಹೆಗಲಿಗೇರಿಸಿ ಹೊರಟ. ಗಿರಿ ಅಳುದನಿಯಲ್ಲಿ ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳುತ್ತಿದ್ದರೆ, ಯಮುನಕ್ಕ ಫೋನನ್ನು ಕಿತ್ತುಕೊಂಡಳು.

"ಮುತ್ತಮ್ಮಕ್ಕಾ, ನೀವು ಸೋಮವಾರನೇ ಬನ್ನಿ. ನಮ್ಮ ಬಾತ್‌ರೂಮಿಗೆ ಒಂದೂ ಮೆಟ್ಟಿಲಿಲ್ಲ. ಬೇಲಿ ತೆಗೆದು ದಾರಿ ಮಾಡ್ತೇವೆ."

"ಬರ್ತೇನೆ ತಾಯಿ. ಆ ವೀರನ ಬೆನ್ನಿಗೆ ಮೂವತ್ತು ವರ್ಷ ಗಿರಿಯ ಚಡ್ಡಿ ಕುಕ್ಕಿದ್ದೇನೆ, ಒಂದು ಕೈ ಮುಗೀಬೇಕು."

ಗಿರಿಯ ಕಣ್ಣು ತುಂಬಿತು. ನಾಗಾರ್ಜುನ ಆಗಲೇ ಬೇಲಿಯ ಕಂಬ ಅಲ್ಲಾಡಿಸತೊಡಗಿದ್ದ.

"ನಿಲ್ಲಿಸಿ!" ಮೇಡಂ ಕೂಗಿದರು. "ಕಂಬ ಕೀಳೋದೂ ಅಗೆತವೇ. ನಾನು ಕೂತು ನೋಡ್ಬೇಕು."

ಕೂರಲು ಅವರು ಸುತ್ತ ಕಣ್ಣಾಡಿಸಿದರು. ಈ ಸಲ ಗಿರಿ ಯಾವ ಕಲ್ಲನ್ನೂ ಮುಟ್ಟಲಿಲ್ಲ. ಮೂರು ಕಾಲಿನ ಕುರ್ಚಿಯನ್ನು ತಂದಿಟ್ಟು, ನಾಲ್ಕನೆಯ ಕಾಲಿನ ಜಾಗದಲ್ಲಿ ತಾನೇ ಹಿಡಿದುಕೊಂಡು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತ.